ಬಿಳಿ ಸಂಪಿಗೆಯ ಬೇರಿಗಾಗಿ ಥೈಲಂಡಿಗೆ

ಇಳಕಲ್

ಮೊಮ್ಮಕ್ಕಳೇ, ಸಾನ್ವಿ, ಸಮರ್ಥ! ನಾನು ಥೈಲಂಡಿನಿಂದ ಬಂದ ಮೇಲೆ ನೀವಿಬ್ಬರೂ ಕೇಳಿದ್ದು ಎರಡೇ ಪ್ರಶ್ನೆ. ಆಯಿ, ಸಮುದ್ರ ನೋಡಿದೆಯಾ, ಆನೆಯ ಮೇಲೆ ಕೂತೆಯಾ ಎಂದು. ಸಮುದ್ರವನ್ನು ವಿಮಾನದ ಕಿಟಕಿಯಿಂದ ನೋಡಿದೆ. ಅದು ಸಮುದ್ರವಲ್ಲ, ಮೋಡ ಎಂದು ನಿಮ್ಮ ಶಾಂತಾ ಅಜ್ಜಿ ಇವತ್ತಿಗೂ ವಾದ ಮಾಡುತ್ತಾಳೆ. ಆನೆ ಕಾಣಲಿಲ್ಲ. ನಾನು ಅಲ್ಲಿ ಹೆಚ್ಚಾಗಿ ನೋಡಿದ್ದು ಟೊಂಗೆಗಳನ್ನು. ಟೊಂಗೆ ನೋಡಲು ಅಷ್ಟು ದೂರ ಹೋಗಬೇಕಿತ್ತೇ ಎಂದು ನೀವು ನಕ್ಕಿರಿ. ಹೋಗಬೇಕಿತ್ತು. ಯಾಕೆ ಎಂದು ಬಾಯಿಮಾತಿನಲ್ಲಿ ಹೇಳುವುದು ನನಗೆ ಬರುವುದಿಲ್ಲ. ನಾಲ್ಕು ಜನ ನನ್ನ ಮುಖ ನೋಡಿದರೆ ಮಾತು ಗಂಟಲಲ್ಲೇ ಉಳಿಯುತ್ತದೆ. ಬರೆಯುವಾಗ ಯಾರೂ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಶುರುವಾಗುವುದು ಬಾದಾಮಿಯಲ್ಲಿ. ನನ್ನ ಅಕ್ಕ ನೀಲಮ್ಮನ ಮನೆಯ ಮುಂದಿನ ಬಿಳಿ ಸಂಪಿಗೆ ಮರದ ಕೆಳಗೆ ನೀವು ಎಷ್ಟೋ ಸಲ ಆಡಿದ್ದೀರಿ. ಅಕ್ಕ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತರೆ, ಅದರ ಮೇಲೆ ಇಡುವುದು ಆ ಮರದ ಒಂದೇ ಒಂದು ಹೂವು. ಕಣ್ಣು ಮಂಜಾದ ಮೇಲೂ ಅವಳು ಅದನ್ನು ಬಿಡಲಿಲ್ಲ. ಹೂವು ಯಾವ ಟೊಂಗೆಯಲ್ಲಿದೆ ಎಂದು ಮೂಗಿನಿಂದಲೇ ಹುಡುಕಿ ಕೀಳುತ್ತಿದ್ದಳು. ಈ ಸಲ ಬೇಸಿಗೆಯಲ್ಲಿ ರಸ್ತೆ ಅಗಲ ಮಾಡುವವರು ಬಂದು ಮರದ ಕಾಂಡದ ಮೇಲೆ ಕೆಂಪು ಬಣ್ಣದ ಗೆರೆ ಎಳೆದು ಹೋದರು. ದೀಪಾವಳಿ ಆದ ಮೇಲೆ ಮರ ಹೋಗುತ್ತದೆ ಎಂದರು.

ಆ ಮರ ಬೀಜ ಕಟ್ಟುವುದಿಲ್ಲ. ಅದರ ಮರಿ ಬೇಕೆಂದರೆ ಕಸಿ ಮಾಡಬೇಕು, ಇಲ್ಲವೇ ಗೂಟಿ ಕಟ್ಟಬೇಕು. ನಾನು ಹಳದಿ ಸಂಪಿಗೆಯ ಸಸಿಗೆ ಕಸಿ ಮಾಡಿ ಒಯ್ದು ಕೊಟ್ಟೆ. ಅಕ್ಕ ಅದನ್ನು ಹೊಸ್ತಿಲ ಒಳಗೆ ತರಗೊಡಲಿಲ್ಲ.

"ಕೆಳಗೊಂದು ಗಿಡ, ಮ್ಯಾಲೊಂದು ಗಿಡ. ಮಂದಿ ಕಾಲ ಮ್ಯಾಲ ನಿಂತದ್ದು ನನಗ ಬ್ಯಾಡವಾ," ಎಂದಳು. "ಇದ ಮರದ್ದು ಬೇಕು, ತನ್ನ ಕಾಲ ಮ್ಯಾಲ ತಾ ನಿಂತದ್ದು ಬೇಕು. ನಿನ್ನ ಕೈಲೆ ಆಗ್ತೈತೋ ಇಲ್ಲೋ, ಅಷ್ಟ ಹೇಳು."

ಉಳಿದದ್ದು ಗೂಟಿ. ನನ್ನ ನರ್ಸರಿಯಲ್ಲಿ ನೀವು ನೋಡಿದ್ದೀರಿ: ಟೊಂಗೆಯ ಸುತ್ತ ಬಳೆಯಷ್ಟು ಅಗಲ ತೊಗಟೆ ಸುಲಿದು, ಆ ಗಾಯಕ್ಕೆ ಹಸಿ ನಾರು ಒತ್ತಿ, ಮೇಲೆ ಪ್ಲಾಸ್ಟಿಕ್ ಸುತ್ತಿ ಕಟ್ಟಿದರೆ, ಟೊಂಗೆ ತಾಯಿ ಮರದ ಮೇಲೆ ಇರುವಾಗಲೇ ಅಲ್ಲಿ ಬೇರು ಬಿಡುತ್ತದೆ. ಆಮೇಲೆ ಕತ್ತರಿಸಿ ನೆಟ್ಟರೆ ಅದೇ ಹೊಸ ಗಿಡ. ದಾಸವಾಳ, ಕಾಗದದ ಹೂವು, ರಬ್ಬರ್ ಗಿಡ, ಯಾವುದೂ ನನ್ನ ಕೈಯಲ್ಲಿ ಸೋತಿಲ್ಲ. ಹುನಗುಂದದಿಂದ ಬಾಗಲಕೋಟೆಯವರೆಗೆ ಎಷ್ಟೋ ಮನೆಗಳ ಅಂಗಳದಲ್ಲಿ ನನ್ನ ಗೂಟಿ ಗಿಡಗಳಿವೆ. ಅಕ್ಕನ ಸಂಪಿಗೆ ಮಾತ್ರ ಜಪ್ಪೆನ್ನಲಿಲ್ಲ. ಪ್ರತಿ ಮಳೆಗಾಲ ಕಟ್ಟುತ್ತೇನೆ, ಪ್ರತಿ ಸಲ ಬಿಚ್ಚಿದರೆ ಗಾಯದ ಅಂಚು ಉಂಡೆಯಂತೆ ಊದಿ, ಎರಡೂ ಕಡೆಯ ತೊಗಟೆ ಮತ್ತೆ ಕೂಡಿಕೊಂಡು ಕೂತಿರುತ್ತದೆ. ಬೇರು ಇಲ್ಲ.

ಇಂಥ ಹೊತ್ತಿನಲ್ಲಿ, ಶ್ರಾವಣದಲ್ಲಿ, ಜಿಲ್ಲೆಯ ನರ್ಸರಿಯವರೆಲ್ಲ ಸೇರಿ ಥೈಲಂಡಿಗೆ ಹೊರಟರು. ನನ್ನ ನಾದಿನಿ ಶಾಂತಾ ಕೆರೂರಿನಲ್ಲಿ ಕುಂಡ, ಬೀಜದ ಅಂಗಡಿ ಇಟ್ಟವಳು. ಅವಳು ತನ್ನ ಹೆಸರಿನ ಜೊತೆ ನನ್ನ ಹೆಸರೂ ಕೊಟ್ಟು ಬಂದಿದ್ದಳು.

"ವೈನಿ, ಅಲ್ಲಿ ಬಿಳಿ ಸಂಪಿಗಿ ಬೀದಿಗೊಂದು ಅದಾವಂತ. ಎಲ್ಲಾ ಗೂಟೀನ ಅಂತ. ತೋಟಗಾರಿಕಿ ಪಾಟೀಲ ಸರ್ ಹೇಳ್ಯಾರ."

"ನಾ ಒಲ್ಲೆವಾ. ಅಷ್ಟು ಗಂಡಸರೊಳಗ..."

"ಗಂಡಸರು ಗಿಡ ನೋಡಾಕ ಬರ್ತಾರ, ನಿನ್ನ ನೋಡಾಕಲ್ಲ. ಬ್ಯಾಗ ತುಂಬು."

ಅಕ್ಕನಿಗೆ ಫೋನ್ ಮಾಡಿದೆ, ಅವಳಾದರೂ ಬೇಡ ಅನ್ನಲಿ ಎಂದು. ಅವಳು ಒಂದೇ ಮಾತು ಹೇಳಿದಳು. "ಹೋಗು. ಆದ್ರ ಬರೇ ನೋಡಿಕೊಂಡು ಬರಬ್ಯಾಡ, ಕೇಳಿಕೊಂಡು ಬಾ. ಬಾಯಿಗೆ ಬೀಗ ಹಾಕ್ಕೊಂಡು ಹೋಗಿ ಬಂದ್ರ ಬಾದಾಮಿ ಕಡಿಗೆ ಮಾರಿ ಹಾಕಬ್ಯಾಡ."

ವಿಮಾನ ನಿಲ್ದಾಣ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಎಲ್ಲರೂ ಬೆಲ್ಟು, ಗಡಿಯಾರ ಬಿಚ್ಚಿ ಬುಟ್ಟಿಗೆ ಹಾಕುತ್ತಿದ್ದರು. ನಾನು ಬಾಗಿಲಿನಂಥ ಯಂತ್ರದೊಳಗೆ ಹಾದೆ, ಅದು ಕೂಗಿತು. ಬಳೆ ತೆಗೆದೆ; ಮತ್ತೆ ಕೂಗಿತು. ಪೊಲೀಸ್ ಬಟ್ಟೆಯ ಹುಡುಗಿ ನನ್ನ ಎದೆಯ ಕಡೆ ಬೆರಳು ಮಾಡಿದಳು. ಅಲ್ಲಿದ್ದದ್ದು ಬೆಳ್ಳಿಯ ಕರಡಿಗೆ, ಅದರೊಳಗೆ ನನ್ನ ಲಿಂಗ. ಅದನ್ನು ಮೈಯಿಂದ ದೂರ ಇಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ಹೇಳಬೇಕು. ಹೇಗೆ ಹೇಳುವುದು? ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ.

ಶಾಂತಾ ಆಗಲೇ ಆ ಕಡೆ ದಾಟಿ, ಚಪ್ಪಲಿ ಹುಡುಕುತ್ತಿದ್ದವಳು ಅಲ್ಲಿಂದಲೇ ಶುರು ಮಾಡಿದಳು. "ಅದು ಬಾಂಬ್ ಅಲ್ಲರಿ, ದೇವರು."

ಬಾಂಬ್ ಎಂಬ ಮಾತನ್ನು ಅಲ್ಲಿ ಆಡಬಾರದಂತೆ. ಇನ್ನೂ ಇಬ್ಬರು ಪೊಲೀಸರು ಬಂದರು. ಪುಣ್ಯಕ್ಕೆ ಆ ಹುಡುಗಿ ಹಾವೇರಿ ಕಡೆಯವಳು. ನನ್ನ ಮುಷ್ಟಿ ನೋಡಿ ಅವಳಿಗೆ ತಿಳಿಯಿತು.

"ಅವ್ವಾರ, ತೆಗೀಬ್ಯಾಡ್ರಿ. ಪರದೆ ಒಳಗ ಬರ್ರಿ, ನಿಮ್ಮ ಕೈಯಾಗ ಇಟಗೊಂಡ ತೋರಸ್ರಿ ಸಾಕು," ಎಂದು ಕರೆದುಕೊಂಡು ಹೋಗಿ, ನೋಡಿ, ತಾನೇ ಕೈಮುಗಿದು ಕಳಿಸಿದಳು. ನಿಮ್ಮ ಶಾಂತಾ ಅಜ್ಜಿಯನ್ನು ಮಾತ್ರ ಪಕ್ಕಕ್ಕೆ ನಿಲ್ಲಿಸಿ, ಅವಳ ಬ್ಯಾಗಿನೊಳಗಿನ ಗುರೆಳ್ಳು, ಶೇಂಗಾದ ಖಾರದ ಹಿಂಡಿಪುಡಿಯ ಡಬ್ಬಿಗಳು, ಒಣ ಕಟಿ ರೊಟ್ಟಿಯ ಗಂಟು ಎಲ್ಲ ಬಿಚ್ಚಿಸಿ ನೋಡಿದರು. ವಿಮಾನ ಏರುವವರೆಗೂ ಅವಳು ನನ್ನ ಜೊತೆ ಮಾತಾಡಲಿಲ್ಲ. ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದನ್ನು ನಾನು ಮೊದಲು ನೋಡಿರಲಿಲ್ಲ.

ಮೊದಲ ದಿನ: ಬ್ಯಾಂಕಾಕ್

ಅಲ್ಲಿಯ ರಸ್ತೆಗಳಲ್ಲಿ ನಮ್ಮಲ್ಲಿಗಿಂತ ಹೆಚ್ಚು ಗಾಡಿಗಳು, ಆದರೆ ಹಾರ್ನ್ ಇಲ್ಲ. ನಮ್ಮ ಬಸ್ಸು ಒಂದೇ ಕಡೆ ಎಷ್ಟೋ ಹೊತ್ತು ನಿಂತಿತ್ತು. ಹಿಂದಿನವರು ಕೂಗಲಿಲ್ಲ, ಮುಂದಿನವರು ಇಳಿದು ಜಗಳಾಡಲಿಲ್ಲ. ನಮ್ಮ ಹುನಗುಂದದ ಮಂದಿ ಆ ಶಾಂತಿಯನ್ನು ತಡೆಯಲಾರದೆ ತಾವೇ ಕಿಟಕಿಯಿಂದ ತಲೆ ಹಾಕಿ "ಏ, ಸರಕೋ" ಎಂದು ಕೂಗಿ ಸಮಾಧಾನ ಮಾಡಿಕೊಂಡರು.

ಪ್ರತಿ ಮನೆಯ ಮುಂದೆ ಒಂದು ಕಂಬ, ಅದರ ಮೇಲೆ ಗೊಂಬೆಮನೆಯಂಥ ಪುಟ್ಟ ಮನೆ. ನಾನು ಗುಬ್ಬಿಗಳಿಗೆ ಕಟ್ಟಿದ್ದಾರೆ ಅಂದುಕೊಂಡು, ಈ ಜನ ಎಷ್ಟು ಒಳ್ಳೆಯವರು ಎಂದು ಶಾಂತಾಗೆ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಪಾಟೀಲ ಸರ್ ತಿಳಿಸಿದರು: ಅದು ಆ ಜಾಗದ ದೇವತೆಯ ಮನೆಯಂತೆ. ತೋಟಗಾರಿಕೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಪಾಟೀಲ ಸರ್ ನಮ್ಮ ಮುಖಂಡರು. ಅವರಿಗೆ ಇಂಗ್ಲಿಷ್ ಬರುತ್ತದೆ. ಬಸ್ಸಿನಲ್ಲಿ ನೋಯ್ ಎಂಬ ಹುಡುಗಿ ಇದ್ದಳು. ಅವಳಿಗೆ ಇಂಗ್ಲಿಷೂ ಅಲ್ಲಿಯ ಮಾತೂ ಬರುತ್ತವೆ. ಹೀಗಾಗಿ ನಮ್ಮ ಯಾವ ಮಾತಾದರೂ ಇಬ್ಬರ ಬಾಯಿ ದಾಟಿ ಹೋಗಬೇಕು. ನನ್ನ ಮಾತು ಮೂವರ ಬಾಯಿ ದಾಟಬೇಕು, ಯಾಕೆಂದರೆ ನಾನು ಶಾಂತಾಗೆ ಮಾತ್ರ ಹೇಳುವುದು.

ಬೀದಿಯಲ್ಲಿ ಒಬ್ಬಾಕೆ ಹೂಮಾಲೆ ಮಾರುತ್ತಿದ್ದಳು. ಮಲ್ಲಿಗೆಯ ಕುಚ್ಚಿನ ಕೆಳಗೆ ಬಿಳಿ ಸಂಪಿಗೆಯ ಮೊಗ್ಗುಗಳು ನೇತಾಡುತ್ತಿದ್ದವು. ಶಾಂತಾಳ ಕಿವಿಯಲ್ಲಿ, "ಈ ಮರ ಗೂಟಿದ್ದೇನು ಕೇಳು," ಎಂದೆ. ಶಾಂತಾ ಸರ್‌ಗೆ ಹೇಳಿದಳು, ಸರ್ ನೋಯ್‌ಗೆ ಹೇಳಿದರು, ನೋಯ್ ಮಾಲೆಯವಳಿಗೆ ಹೇಳಿದಳು. ಉತ್ತರ ಅದೇ ದಾರಿಯಲ್ಲಿ ಹಿಂದಿರುಗಿ ಬಂತು.

"ಸಂಜಿತನಕ ಬಾಡೂದಿಲ್ಲಂತ, ತಗೋರಿ ಅಂತಾಳ," ಎಂದಳು ಶಾಂತಾ.

ಸುಮ್ಮನೆ ಒಂದು ಮಾಲೆ ಕೊಂಡು ಬಂದೆವು.

ಇನ್ನು ಊಟದ ಮಾತು. ಮೂರು ಹೊತ್ತೂ ಅನ್ನ. ಬೆಳಗಿನ ತಿಂಡಿಗೂ ಅನ್ನ. ನಾವು ಹೋಟೆಲಿನ ಮೇಜಿನ ಮೇಲೆ ಕಟಿ ರೊಟ್ಟಿ ತೆಗೆದು ಅದರ ಮೇಲೆ ಹಿಂಡಿ ಹಾಕಿಕೊಂಡೆವು. ಪಾತ್ರೆ ಒಯ್ಯುವ ಹುಡುಗಿ ನಮ್ಮ ಎದುರು ಬಂದು ನಿಂತಳು. ಶಾಂತಾ ರೊಟ್ಟಿ ಮುರಿದಳು. ಆ ಸದ್ದಿಗೆ ಹುಡುಗಿ ಬೆಚ್ಚಿಬಿದ್ದಳು. ನಾವು ತಟ್ಟೆ ಒಡೆದೆವು ಎಂದು ಅವಳ ಲೆಕ್ಕ. ಆಮೇಲೆ ನಾವು ಆ ತಟ್ಟೆಯ ಚೂರನ್ನು ತಿನ್ನುವುದನ್ನು ನೋಡಿ, ಒಳಗೆ ಹೋಗಿ ಉಳಿದವರನ್ನೂ ಕರೆದುಕೊಂಡು ಬಂದಳು.

ಎರಡನೇ ದಿನ: ಬಟ್ಟೆ ಉಟ್ಟ ಮರ

ಎರಡನೇ ದಿನ ಬಸ್ಸು ನಮ್ಮನ್ನು ಊರ ಹೊರಗೆ, ಒಂದು ಕಾಲುವೆಯ ದಂಡೆಗೆ ಒಯ್ಯಿತು. ಇಳಕಲ್ಲಿನಲ್ಲಿ ಹೇಗೆ ಓಣಿ ಓಣಿಗೆ ಮಗ್ಗವೋ ಹಾಗೆ ಅಲ್ಲಿ ದಂಡೆಯುದ್ದಕ್ಕೂ ನರ್ಸರಿ. ನಮ್ಮವರೆಲ್ಲ ಒಂದು ದೊಡ್ಡ ನರ್ಸರಿಯ ಒಳಗೆ ನುಗ್ಗಿದರು. ನಾನು ಎಲ್ಲರೂ ಒಳಗೆ ಹೋಗಲಿ ಎಂದು ಬಾಗಿಲಲ್ಲೇ ನಿಂತೆ. ಅಲ್ಲಿ ಒಂದು ಹಳೆಯ ದೊಡ್ಡ ಮರ. ಅದರ ಕಾಂಡಕ್ಕೆ ಕೆಂಪು, ಹಳದಿ, ಹಸಿರು ಬಟ್ಟೆ ಸುತ್ತಿ ಕಟ್ಟಿದ್ದರು.

ನೀವೇ ಹೇಳಿ, ಜೀವಮಾನವಿಡೀ ಗೂಟಿ ಕಟ್ಟಿದವಳಿಗೆ ಏನು ಅನ್ನಿಸಬೇಕು? ಈ ಜನ ಇಡೀ ಕಾಂಡಕ್ಕೇ ಗೂಟಿ ಕಟ್ಟಿದ್ದಾರಲ್ಲ ಎಂದು ನನಗೆ ಬೆರಗಾಯಿತು. ಹತ್ತಿರ ಹೋಗಿ ಮುಟ್ಟಿದೆ. ಬಟ್ಟೆ ಒಣಗಿತ್ತು. ಗೂಟಿ ಒಣಗಬಾರದು. ಕಟ್ಟೂ ಸಡಿಲ. ಗೂಟಿ ಅಲುಗಾಡಬಾರದು. ಯಾರೋ ಕೆಲಸದವರು ಮೈಗಳ್ಳರು ಅಂದುಕೊಂಡು, ನನ್ನ ಬಾಟಲಿಯ ನೀರನ್ನೆಲ್ಲ ಬಟ್ಟೆಯ ಮೇಲೆ ಸುರಿದೆ. ಜೋತಾಡುತ್ತಿದ್ದ ತುದಿಯನ್ನು ಎಳೆದು ಬಿಗಿಯಾಗಿ ಗಂಟು ಹಾಕಿದೆ. ನಿಮ್ಮ ಅಜ್ಜ ಇದ್ದಾಗ ನಮ್ಮ ಮನೆಯಲ್ಲಿ ಸೀರೆ ನೇಯುವ ಮಗ್ಗ ಇತ್ತು. ಹರಿದ ಎಳೆ ಕೂಡಿಸುವ ನೇಕಾರರ ಗಂಟು ನನ್ನ ಬೆರಳಿಗೆ ಅಂಟಿಬಿಟ್ಟಿದೆ. ಎಳೆದಷ್ಟೂ ಬಿಗಿಯುವ ಗಂಟು ಅದು. ನನ್ನ ಗೂಟಿಗೆಲ್ಲ ಅದೇ.

ತಿರುಗಿದರೆ ಹಿಂದೆ ನನ್ನ ವಯಸ್ಸಿನ ಒಬ್ಬಾಕೆ, ತಲೆಗೆ ದೊಡ್ಡ ಬುಟ್ಟಿಯಂಥ ಟೋಪಿ, ಕೈಯಲ್ಲಿ ಒಂದು ಕೆಂಪು ಸೋಡಾ ಬಾಟಲಿ, ಬಾಟಲಿಯಲ್ಲಿ ಹೀರುವ ನಳಿಕೆ. ಅವಳು ನನ್ನನ್ನು ನೋಡಿದಳು, ಮರವನ್ನು ನೋಡಿದಳು. ಬಾಟಲಿಯನ್ನು ಮರದ ಬುಡದಲ್ಲಿ ಇಟ್ಟಳು. ಅಲ್ಲಿ ಆಗಲೇ ಅಂಥ ನಾಲ್ಕಾರು ಬಾಟಲಿಗಳಿದ್ದವು, ಎಲ್ಲಕ್ಕೂ ನಳಿಕೆ. ಮರಕ್ಕೆ ಕೈಮುಗಿದಳು. ಆಮೇಲೆ ನನಗೂ ಕೈಮುಗಿದಳು.

ಆಗ ನನಗೆ ತಿಳಿಯಿತು. ಅದು ಗೂಟಿಯಲ್ಲ. ಆ ಮರದಲ್ಲಿ ಒಬ್ಬ ದೇವಿ ಇದ್ದಾಳೆ, ಬಟ್ಟೆ ಅವಳ ಸೀರೆ, ಸೋಡಾ ಅವಳ ನೈವೇದ್ಯ. ನಾನು ದೇವಿಯ ಸೀರೆಯ ಮೇಲೆ ನೀರು ಸುರಿದು ಸೆರಗು ಬಿಗಿದು ಕಟ್ಟಿದ್ದೆ.

ಓಡಿಹೋಗಬೇಕು ಅನ್ನಿಸಿತು. ಅಷ್ಟರಲ್ಲಿ ಅವಳು ನನ್ನ ಗಂಟನ್ನು ಹಿಡಿದು ಎಳೆದಳು. ಬಿಚ್ಚಲಿಲ್ಲ. ಇನ್ನೊಮ್ಮೆ ಎಳೆದಳು. ಆಮೇಲೆ ಬಾಯಿ ಮುಚ್ಚಿಕೊಂಡು ನಗಲು ಶುರು ಮಾಡಿದಳು. ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ನರ್ಸರಿ ಅವಳದೇ. ಹೆಸರು ಸೋಮ್ಸಿ.

ಅಷ್ಟು ಹೊತ್ತಿಗೆ ನನ್ನನ್ನು ಹುಡುಕುತ್ತ ಬಂದ ಶಾಂತಾ ನಡೆದದ್ದನ್ನು ಕೇಳಿ, ಕುಂಡದ ಅಂಚಿನ ಮೇಲೆ ಕೂತೇ ಬಿಟ್ಟಳು. "ಶರಣರ ಮನಿತನದಾಕಿ ನೀ. ಮಂದಿ ದೇವರಿಗೆ ಸೀರಿ ಉಡಿಸಿ, ನೀರು ಎರದು ಬಂದಿ. ತಡಿ, ಇಳಕಲ್ಲಿಗೆ ಹೋಗಿ ಹೇಳ್ತೇನಿ."

"ಹೇಳಬ್ಯಾಡ ಶಾಂತಾ."

"ಹೇಳ್ದ ಬಿಟ್ರ ನನಗ ಊಟ ಹೋಗೂದಿಲ್ಲ ವೈನಿ."

ಹಿತ್ತಲು

ನಮ್ಮವರೆಲ್ಲ ಮುಂದಿನ ಚಪ್ಪರದಲ್ಲಿ ಕುಂಡದ ಗಿಡಗಳ ವ್ಯಾಪಾರದ ಮಾತು ಕೇಳುತ್ತಿದ್ದರು. ಶಾಂತಾಳನ್ನೂ ಅಲ್ಲಿ ಕೂಡಿಸಿದರು. ಸೋಮ್ಸಿ ನನ್ನನ್ನು ಹಿತ್ತಲಿಗೆ ಬಿಟ್ಟು, ಇಲ್ಲೇ ಇರು ಎಂಬಂತೆ ಕೈ ಮಾಡಿ, ಚಹಾ ತರಲು ಹೋದಳು.

ಹಿತ್ತಲಿನ ತುಂಬ ಬಿಳಿ ಸಂಪಿಗೆ. ಸಾಲು ಸಾಲು. ಅಕ್ಕನ ಮರದಂತೆ ಆಕಾಶಕ್ಕೆ ಹೋದವಲ್ಲ. ಕೈಗೆ ಎಟುಕುವಂತೆ ತುದಿ ಸವರಿ ಬೆಳೆಸಿದವು. ಪ್ರತಿ ಮರದಲ್ಲೂ ಗೂಟಿಗಳು, ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ನೆನೆಸಿದ ತೆಂಗಿನ ನಾರು ತುಂಬಿ, ಚೀಲದ ಒಂದು ಬದಿ ಸೀಳಿ, ಗಾಯಕ್ಕೆ ಅವುಚಿ ಕಟ್ಟಿದ್ದು. ಚೀಲದ ಒಳಗೆ ಬೆಳ್ಳಗೆ ಬೇರು. ನಾನು ಒಂದನ್ನು ಕಣ್ಣಿನ ಹತ್ತಿರ ಹಿಡಿದೆ. ನಮ್ಮ ಮನೆಯಲ್ಲಿ ಶಾವಿಗೆ ಹೊಸೆದು ಒಣಹಾಕಿದಾಗ ಒಂದರ ಮೇಲೊಂದು ಬಿದ್ದಿರುತ್ತದಲ್ಲ, ಹಾಗೆ. ಅದನ್ನು ನೋಡುತ್ತ ನಿಂತವಳಿಗೆ ನಗು ಬಂತು. ಒಬ್ಬಳೇ ಹಿತ್ತಲಿನಲ್ಲಿ ನಿಂತು ನಕ್ಕೆ.

ಆಮೇಲೆ ಕೊನೆಯ ಸಾಲಿಗೆ ಹೋದೆ. ಅಲ್ಲಿ ಟೊಂಗೆಗಳ ತೊಗಟೆ ಸುಲಿದಿತ್ತು, ಕಟ್ಟಿರಲಿಲ್ಲ. ಹತ್ತು ಹನ್ನೆರಡು ಟೊಂಗೆಗಳು ಬರಿಗಾಯದಲ್ಲಿ ಗಾಳಿಗೆ ನಿಂತಿದ್ದವು. ಯಾರೋ ಸುಲಿದು ಕಟ್ಟಲು ಮರೆತಿದ್ದಾರೆ. ನನಗೆ ಜೀವ ಹಿಂಡಿದಂತಾಯಿತು. ಗಾಯ ಮಾಡಿದ ಕೂಡಲೇ ಕಟ್ಟಬೇಕೆಂದು ನನಗೆ ನನ್ನ ತಂದೆ ಕಲಿಸಿದ್ದರು. ಪಕ್ಕದಲ್ಲಿ ನಾರಿನ ಚೀಲಗಳ ಬುಟ್ಟಿ ಇತ್ತು, ದಾರವೂ ಇತ್ತು. ಅರೆಗಳಿಗೆಯೂ ಯೋಚಿಸದೆ ಒಂದೊಂದೇ ಟೊಂಗೆಗೆ ಕಟ್ಟುತ್ತ ಹೋದೆ. ದೇವಿಯ ಸೀರೆಗೆ ಮಾಡಿದ ಅಪರಾಧ ಇದರಿಂದ ತೀರಲಿ ಅನ್ನುವುದೂ ಮನಸ್ಸಿನಲ್ಲಿತ್ತು. ಸಾಲು ಮುಗಿಸಿ ಕೈ ಒರೆಸಿಕೊಳ್ಳುವಾಗ ಸೋಮ್ಸಿ ಚಹಾದ ಲೋಟ ಹಿಡಿದು ಬಂದಳು.

ಅವಳು ಲೋಟ ಕೆಳಗಿಟ್ಟಳು. ತಲೆಯ ಟೋಪಿ ತೆಗೆದಳು. ಕೊನೆಯ ಸಾಲಿನ ಕಡೆಗೆ ನಡೆದು, ನನ್ನ ಮೊದಲ ಗಂಟನ್ನು ಬಿಚ್ಚಲು ನೋಡಿದಳು. ಆಗಲಿಲ್ಲ. ಎರಡನೆಯದನ್ನು ಉಗುರಿನಿಂದ ಕೆದಕಿದಳು. ಮೂರನೆಯದಕ್ಕೆ ಹಲ್ಲು ಹಚ್ಚಿದಳು. ಅವಳು ತನ್ನ ಮಾತಿನಲ್ಲಿ ಏನೋ ಹೇಳುತ್ತಿದ್ದಳು. ಅದು ಬೈಗುಳ ಎಂದು ಯಾರೂ ತಿಳಿಸಿ ಹೇಳುವ ಅಗತ್ಯ ಇರಲಿಲ್ಲ. ನಾನು ಕನ್ನಡದಲ್ಲಿ, "ತಪ್ಪಾತವಾ, ಬರಿಮೈಲೆ ನಿಂತಿದ್ದು ನೋಡಿ ಕಟ್ಟಿದೆ," ಎಂದೆ. ಅವಳಿಗೂ ಯಾರೂ ತಿಳಿಸಿ ಹೇಳಬೇಕಾಗಲಿಲ್ಲ. ಕೊನೆಗೆ ಇಬ್ಬರೂ ಒಂದೊಂದು ಚಾಕು ಹಿಡಿದು ನನ್ನ ಗಂಟುಗಳನ್ನು ಕತ್ತರಿಸುತ್ತ ಹೋದೆವು. ಅರ್ಧ ಸಾಲು ಆಗುವಷ್ಟರಲ್ಲಿ ಅವಳ ಸಿಟ್ಟು ಇಳಿದಿತ್ತು. ಕತ್ತರಿಸಿದ ಪ್ರತಿ ಗಂಟನ್ನು ನನ್ನ ಮೂಗಿನ ಎದುರು ಹಿಡಿದು ಅಲ್ಲಾಡಿಸುತ್ತಿದ್ದಳು.

ಆಮೇಲೆ ಅವಳು ಒಂದು ಹೊಸ ಟೊಂಗೆ ಹಿಡಿದು ನನ್ನ ಎದುರೇ ತೊಗಟೆ ಸುಲಿದಳು. ನನ್ನ ಬೆರಳು ಹಿಡಿದು ಅದರ ಮೇಲೆ ಇಟ್ಟಳು. ಬೆಂಡೆಕಾಯಿ ಹೆಚ್ಚಿದ ಹಾಗೆ ಜಾರುತ್ತಿತ್ತು. ಆ ಜಾರುವ ಪೊರೆಯನ್ನು ಚಾಕುವಿನ ಬೆನ್ನಿನಿಂದ ಕಟ್ಟಿಗೆಯ ಬಣ್ಣ ಬರುವವರೆಗೂ ಕೆರೆದು ಕೆರೆದು ತೆಗೆದಳು. ಬಳಿಕ ನನ್ನ ಬೆರಳನ್ನು ನಾನು ಈಗಷ್ಟೇ ಕಟ್ಟಿ ಬಿಚ್ಚಿದ ಒಂದು ಟೊಂಗೆಯ ಮೇಲೆ ಇಟ್ಟಳು. ಅದು ಒರಟಾಗಿ ಒಣಗಿತ್ತು. ಮೇಲಿನ ಅಂಚಿನಲ್ಲಿ ಮಾತ್ರ ಸಾಸಿವೆಯಂಥ ಸಣ್ಣ ಸಣ್ಣ ಗುಳ್ಳೆ.

ನಾನು ಅಲ್ಲಿಯೇ ನೆಲದ ಮೇಲೆ ಕೂತೆ. ಇಷ್ಟು ವರ್ಷ ಅಕ್ಕನ ಮರದ ಟೊಂಗೆ ಯಾಕೆ ಮತ್ತೆ ಮತ್ತೆ ಕೂಡಿಕೊಳ್ಳುತ್ತಿತ್ತು ಎಂದು ತಿಳಿಯಿತು. ನಾನು ಪೊರೆ ಕೆರೆಯುತ್ತಿರಲಿಲ್ಲ. ಪಾಪ ಎಂದು ಕೂಡಲೇ ಕಟ್ಟಿ, ತಂಪು ಕೊಟ್ಟು, ಗಾಯ ಮಾಯಿಸಿಬಿಡುತ್ತಿದ್ದೆ. ಗಾಯ ಮಾಯ್ದರೆ ಬೇರು ಯಾಕೆ ಬರಬೇಕು?

ಎಷ್ಟು ದಿನ ಹೀಗೆ ಬಿಡಬೇಕು ಎಂದು ಕೈ ಅಲ್ಲಾಡಿಸಿ ಕೇಳಿದೆ. ಅವಳು ಐದು ಬೆರಳು ತೋರಿಸಿದಳು. ಐದು ಏನು? ದಿನವೇ, ವಾರವೇ? ಐದು ವಾರವಾದರೆ ಬೇರು ಬರುವ ಮೊದಲೇ ದೀಪಾವಳಿ ದಾಟುತ್ತದೆ, ಅಕ್ಕನ ಮರವೇ ಇರುವುದಿಲ್ಲ. ನಾನು ಸೂರ್ಯನ ಕಡೆ ತೋರಿಸಿದೆ. ಅವಳು ಹೌದು ಹೌದು ಎಂದು ತಲೆಯಾಡಿಸಿ, ಬಿಸಿಲು ಜಾಸ್ತಿ ಎಂದು ತನ್ನ ಟೋಪಿಯನ್ನು ನನ್ನ ತಲೆಗೆ ಇಟ್ಟಳು.

ಚಪ್ಪರ

ಸಭೆ ಮುಗಿಯುತ್ತ ಬಂದಿತ್ತು. ಸೋಮ್ಸಿ ಮುಂದೆ ಹೋಗಿ ನೋಯ್ ಪಕ್ಕದಲ್ಲಿ ಕೂತಳು. ನಾನು ಹಿಂದೆ ಶಾಂತಾಳ ಪಕ್ಕ ಕೂತೆ, ತಲೆಯ ಮೇಲಿನ ಟೋಪಿ ತೆಗೆಯುವುದನ್ನೂ ಮರೆತು.

"ಯಾರರೆ ಏನರೆ ಕೇಳೂದು ಐತೇನ್ರಿ?" ಎಂದರು ಪಾಟೀಲ ಸರ್. "ಬಸ್ ಹೊರಡೂ ಹೊತ್ತಾತು."

ಶಾಂತಾಳಿಗೆ ಹೇಳಿದರೆ ನಡೆಯುತ್ತಿತ್ತು. ಆದರೆ ನಿನ್ನೆ ನನ್ನ ಪ್ರಶ್ನೆ ಮೂರು ಬಾಯಿ ದಾಟಿ ಮಾಲೆ ಕೊಂಡು ಬಂದಿತ್ತು. ಇವತ್ತು ಹಾಗಾದರೆ ಅಕ್ಕನಿಗೆ ಏನು ಹೇಳಲಿ? ಅಷ್ಟೂ ಗಂಡಸರ ಬೆನ್ನು ಕಾಣುತ್ತಿತ್ತು. ಎದ್ದು ನಿಂತರೆ ಅವು ಮುಖಗಳಾಗುತ್ತವೆ. ಎದ್ದು ನಿಂತೆ. ಆದವು.

"ಸರ್," ಎಂದೆ. ಆಮೇಲೆ ಏನಾಯಿತೋ, ನಡುವೆ ನಿಲ್ಲಿಸಲು ಬರಲಿಲ್ಲ. "ಸಂಪಿಗಿ ಟೊಂಗಿ ಸುಲದ ಮ್ಯಾಲ ಐದು ದಿನ ಬಿಡಬೇಕೋ ಐದು ವಾರ ಬಿಡಬೇಕೋ ಕೇಳ್ರಿ. ನಡುವ ಮಳಿ ಬಂದ್ರ ಏನು ಮಾಡಬೇಕು ಕೇಳ್ರಿ. ಎಳೀ ಟೊಂಗಿಗೆ ಕಟ್ಟಬೇಕೋ ಬಲತದ್ದಕ್ಕೋ ಕೇಳ್ರಿ. ಅಡ್ಡ ಹೋದ ಟೊಂಗಿ ನಡೀತೈತೋ, ನೆಟ್ಟಗ ನಿಂತದ್ದ ಬೇಕೋ, ಅದನ್ನೂ ಕೇಳ್ರಿ. ನಾರು ಹಿಂಡಿ ಹಾಕಬೇಕೋ, ನೀರು ಸೋರಂಗ ಹಾಕಬೇಕೋ..."

"ಅವ್ವಾರ, ಒಂದೊಂದ ಕೇಳ್ರಿ," ಎಂದರು ಸರ್. "ನಾ ಅದನ್ನ ಇಂಗ್ಲಿಷಿಗೆ ಹೊಳ್ಳಸಬೇಕಲ್ಲ."

ಚಪ್ಪರವೆಲ್ಲ ನಕ್ಕಿತು. ಹುನಗುಂದದ ಒಬ್ಬ ಹಿರಿಯರು ತಿರುಗಿ, "ಎರಡು ದಿನ ಎಲ್ಲಿ ಇಟ್ಟಿದ್ರಿ ತಂಗಿ ಈ ದನಿ?" ಎಂದರು. ನಾನು ಕೂತುಕೊಳ್ಳಲಿಲ್ಲ. ಉತ್ತರ ಬರುವವರೆಗೆ ಕೂತುಕೊಳ್ಳುವುದಿಲ್ಲ ಎಂದು ನನ್ನ ಕಾಲುಗಳೇ ತೀರ್ಮಾನ ಮಾಡಿಬಿಟ್ಟಿದ್ದವು.

ಸೋಮ್ಸಿ ನಿಧಾನವಾಗಿ, ಒಂದೊಂದಕ್ಕೂ ಹೇಳಿದಳು. ಐದು ದಿನ. ಮಳೆ ಬಂದರೆ ಒರೆಸಿ, ಮತ್ತೆ ಕೆರೆದು, ಇನ್ನೆರಡು ದಿನ. ಹೆಬ್ಬೆರಳಿಗಿಂತ ಸಣ್ಣ ಟೊಂಗೆ, ಹಸಿರು ಹೋಗಿ ಕಂದು ಆಗುತ್ತಿರುವಂಥದ್ದು, ನೆಟ್ಟಗೆ ಮೇಲೆ ಹೋದದ್ದು. ನಾರು ನೆನೆಸಿ, ಹಿಂಡಿ, ಆಮೇಲೆ. ಕಡೆಗೆ ಅವಳೂ ಒಂದು ಪ್ರಶ್ನೆ ಕೇಳಿದಳು. ನೋಯ್ ನಗುತ್ತ ಸರ್‌ಗೆ ಹೇಳಿದಳು, ಸರ್ ನಗುತ್ತ ನನಗೆ.

"ಆ ಗಂಟು ಹ್ಯಾಂಗ ಹಾಕಿದ್ರಿ, ತೋರಸ್ರಿ ಅಂತಾರ. ದೇವರ ಮರದ್ದು ಇನ್ನೂ ಬಿಚ್ಚಾಕ ಬಂದಿಲ್ಲಂತ."

ಎಲ್ಲರ ಮುಂದೆ ಹೋಗಿ ತೋರಿಸಿದೆ. ಬಸ್ಸು ತಡವಾಗಿ ಹೊರಟಿತು. ಶಾಂತಾ ತನ್ನ ಹಿಂಡಿಯ ಡಬ್ಬಿಯನ್ನು ಸೋಮ್ಸಿಗೆ ಕೊಟ್ಟಳು. ಖಾರಕ್ಕೆ ಕಣ್ಣೀರು ಬರುತ್ತದೆ, ನೋಡೋಣ ಎಂದು ನಾವು ಕಾದೆವು. ಸೋಮ್ಸಿ ಅದನ್ನು ಸಕ್ಕರೆಯಂತೆ ಚಮಚದಲ್ಲಿ ತಿಂದು, ಡಬ್ಬಿಯ ತಳ ಬಡಿದು ಉಳಿದದ್ದನ್ನೂ ಬಾಯಿಗೆ ಹಾಕಿಕೊಂಡಳು. ಶಾಂತಾ ಊರಿಗೆ ಬಂದು ಎಲ್ಲರಿಗೂ ಮೊದಲು ಹೇಳಿದ್ದು ದೇವಿಯ ಸೀರೆಯ ಕಥೆಯಲ್ಲ, ಇದನ್ನು.

ಬಾದಾಮಿ

ನಾನು ಇಳಕಲ್ಲಿಗೆ ಬರಲಿಲ್ಲ. ಬ್ಯಾಗ ಸಮೇತ ಬಾದಾಮಿಗೇ ಹೋದೆ. ಏಣಿ ತರಿಸಿ, ಸೋಮ್ಸಿ ಹೇಳಿದಂಥ ಟೊಂಗೆಗಳನ್ನು ಆರಿಸಿ, ಸುಲಿದು, ಕೆರೆದೆ. ಅಕ್ಕ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಮುಗೀತೇನು? ಇನ್ನ ಕಟ್ಟು."

"ಐದು ದಿನ ಕಟ್ಟೂದಿಲ್ಲ ಅಕ್ಕ."

"ಬರಿಮೈಲೆ ಬಿಡ್ತೀಯಾ? ಇದನ್ನ ಕಲೀಲಿಕ್ಕೆ ವಿಮಾನ ಏರಿ ಹೋಗಿದ್ದಿಯೇನು?"

ಅವಳ ಮೇಲೆ ನಂಬಿಕೆ ಇಲ್ಲದೆ ನಾನು ಅಲ್ಲೇ ಉಳಿದೆ. ಆದರೂ ಮೂರನೇ ದಿನ ಬೆಳಿಗ್ಗೆ ನೋಡಿದರೆ ಕೆಳಗಿನ ಟೊಂಗೆಯ ಗಾಯಕ್ಕೆ ಅರಿಶಿನ ಹಚ್ಚಿ, ಹಳೆಯ ಬಿಳಿ ಬಟ್ಟೆಯ ಪಟ್ಟಿ ಕಟ್ಟಿತ್ತು. ಅಕ್ಕ ತನಗೇನೂ ಗೊತ್ತಿಲ್ಲ ಎಂಬಂತೆ ಕೂತಿದ್ದಳು. ಬೆರಳು ಮಾತ್ರ ಹಳದಿ. ನನಗೆ ಬೈಯಲು ಬಾಯಿ ಬರಲಿಲ್ಲ. ನಾನು ಒಂದು ಸಾಲನ್ನೇ ಕಟ್ಟಿದವಳು. ನಕ್ಕು ನಕ್ಕು ಏಣಿ ಹಿಡಿದುಕೊಂಡೆ.

ಐದು ದಿನ ಆದ ಮೇಲೆ ಎಲ್ಲಕ್ಕೂ ನಾರು ಕಟ್ಟಿದೆ. ಅರಿಶಿನದ ಟೊಂಗೆ ಬೇರು ಬಿಡಲಿಲ್ಲ. ಇನ್ನೊಂದು ಗಾಳಿಗೆ ಮುರಿಯಿತು. ಉಳಿದವುಗಳಲ್ಲಿ ದಸರೆಯ ಹೊತ್ತಿಗೆ ಪ್ಲಾಸ್ಟಿಕ್ಕಿನ ಒಳಗೆ ಬೆಳ್ಳನೆಯ ಗೆರೆಗಳು ಕಂಡವು. ಅಕ್ಕನ ಕಣ್ಣಿಗೆ ಅವು ಕಾಣುವುದಿಲ್ಲ. ಒಂದನ್ನು ಕತ್ತರಿಸಿ ಇಳಿಸಿ, ಚೀಲ ಬಿಚ್ಚಿ ಅವಳ ಅಂಗೈಗೆ ಇಟ್ಟೆ. ಅವಳು ಬೇರುಗಳನ್ನು ಒಂದೊಂದಾಗಿ ಮುಟ್ಟಿದಳು, ಹಸುಗೂಸಿನ ಬೆರಳು ಎಣಿಸುವಂತೆ. ಸಂಜೆ ನೆರೆಮನೆಯವರನ್ನೆಲ್ಲ ಕರೆದು ಅವರಿಂದಲೂ ಮುಟ್ಟಿಸಲು ಹೊರಟಾಗ ನಾನೇ ಕಸಿದುಕೊಂಡು ಕುಂಡಕ್ಕೆ ನೆಟ್ಟೆ.

ದೀಪಾವಳಿ ಆಯಿತು. ಮರ ಕಡಿಯುವ ದಿನ ಅಕ್ಕ ಆ ಸದ್ದು ಕೇಳಲಾರೆ ಎಂದು ಮಹಾಕೂಟದ ಗುಡಿಗೆ ಹೋದಳು. ಸಂಜೆ ಬಂದು, ಬಯಲಾದ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು, ಒಳಗೆ ಹೋದಳು. ಅಂದಿನಿಂದ ಅವಳ ಪೂಜೆಗೆ ಬರೀ ಬಿಲ್ವಪತ್ರಿ.

ನಾನು ಮತ್ತೆ ಹೋದಾಗ ಒಳ ಅಂಗಳದ ಕುಂಡದಲ್ಲಿ ಗಿಡ ಹೊಸ ಎಲೆ ಬಿಟ್ಟಿತ್ತು. ಎಲೆಯ ಸಂದಿಯಲ್ಲಿ ಒಂದು ಮೊಗ್ಗು. ಗೂಟಿ ಗಿಡ ಹೀಗೆಯೇ, ಮೊಣಕಾಲೆತ್ತರ ಇರುವಾಗಲೇ ತಾನು ಮರ ಅಂದುಕೊಂಡಿರುತ್ತದೆ. ಆದರೆ ಮೊದಲ ಮೊಗ್ಗುಗಳನ್ನು ಅರಳಲು ಬಿಡಬಾರದು. ಹೂವಿಗೆ ಶಕ್ತಿ ಹೋದರೆ ಎಳೆಯ ಬೇರು ಸೊರಗುತ್ತದೆ.

"ಅಕ್ಕ, ಒಂದು ಮೊಗ್ಗಿ ಬಂದೈತಿ. ಚಿವುಟಿ ಬಿಡು."

"ಒಲ್ಲೆ," ಎಂದಳು. "ನನಗ ಮೊದಲ ಗೊತ್ತಾಗೇತಿ, ವಾಸನಿ ಬಂತು. ಕೂಸಿನ ಕೈಯಾಗಿನ ತುತ್ತು ಕಸಗೊಂಡಂಗ ಆಗ್ತೈತಿ. ನನ್ನ ಪೂಜಿಗೆ ಪತ್ರಿ ಸಾಕು."

"ಚಿವುಟಬೇಕು."

"ಇರಲಿ ಬಿಡು ಅಂದೆ."

"ಗಿಡ ಉಳೀಬೇಕಂದ್ರ ಚಿವುಟಬೇಕು. ಕೇಳು ನನ್ನ ಮಾತು. ಚಿವುಟು."

ನನ್ನ ದನಿ ಎಷ್ಟು ಜೋರಾಗಿ ಬಂತೆಂದರೆ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಹುಟ್ಟಿದಾಗಿನಿಂದ ಅಕ್ಕ ಹೇಳುವುದು, ನಾನು ಮಾಡುವುದು. ಅಕ್ಕ ನನ್ನ ಕಡೆ ಮುಖ ತಿರುಗಿಸಿದಳು. ಆಮೇಲೆ ಬಗ್ಗಿ, ಎಲೆಗಳ ನಡುವೆ ಬೆರಳಾಡಿಸಿ, ಮೊಗ್ಗನ್ನು ಹುಡುಕಿ ಚಿವುಟಿದಳು. ಒಳಗೆ ಹೋಗಿ ಪೂಜೆಗೆ ಕೂತಳು. ಬಾಗಿಲ ಸಂದಿಯಿಂದ ನೋಡಿದೆ: ಅಂಗೈಯ ಲಿಂಗದ ಮೇಲೆ ಇನ್ನೂ ಅರಳದ, ತುದಿ ಹಸಿರಾದ ಆ ಮೊಗ್ಗು.

ನಾನು ಹೊರಗೆ ಬಂದು ಗಿಡಕ್ಕೆ ನೀರು ಹಾಕಿದೆ. ಪೂಜೆ ಮುಗಿದ ಮೇಲೆ ಅಕ್ಕ ಒಳಗಿನಿಂದಲೇ ಕೇಳಿದಳು.

"ನಾಳಿಗೆ ಚಿವುಟೂದು ಇನ್ನೊಂದು ಐತೇನು ನೋಡು."

ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಎಲೆ ಎತ್ತಿ ನೋಡಿದೆ.

"ಐತಿ," ಎಂದೆ.